ದಿನಕ್ಕೆ 22 ಮೂಟೆ

ನಾನು ಕೊಡಗಿನ ಅಮ್ಮತ್ತಿ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಕಥೆ ಬರೆಯುವವನಲ್ಲ. ಕೂಲಿ ಬಟವಾಡೆ, ಗೊಬ್ಬರದ ಬಿಲ್ಲು, ಕಣದಲ್ಲಿ ಎಷ್ಟು ಮೂಟೆ ಒಣಗಿತು ಅನ್ನೋದನ್ನು ಪುಸ್ತಕಕ್ಕೆ ಇಳಿಸುವವನು. ಬಿ.ಕಾಂ. ಮಾಡಿದ್ದೇನೆ, ಟ್ಯಾಲಿ ಬರುತ್ತದೆ, ಅಷ್ಟೇ. 2024ರ ಏಪ್ರಿಲ್‌ನಲ್ಲಿ ಒಂದು ದಿನ ನಮ್ಮ ಸಾಹುಕಾರರು ಬಂಗಲೆ ಜಗಲಿಯಲ್ಲಿ ಕೂರಿಸಿಕೊಂಡು, "ರೈಟ್ರೇ, ಒಂದು ವಿಮಾನ ತಗೊಂಡ್ರೆ ವರ್ಷಕ್ಕೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕಿ ಕೊಡಿ" ಅಂದರು. ಹಳೇ ಟ್ರ್ಯಾಕ್ಟರ್ ಬಗ್ಗೆ ಕೇಳುವ ದನಿಯಲ್ಲೇ ಕೇಳಿದರು.

ಆ ವರ್ಷ ರೋಬಸ್ಟಾ ಕಾಫಿಗೆ ಯಾರೂ ಕಂಡಿರದ ಬೆಲೆ ಬಂದಿತ್ತು. ನಮ್ಮ ಕಡೆ ಹೊಸ ಜೀಪು ತಗೊಂಡವರು, ಮನೆಗೆ ಟೈಲ್ಸ್ ಹಾಕಿಸಿದವರು ಬೇಕಾದಷ್ಟು ಜನ. ಹಾಗಂತ ಕಾಫಿ ದುಡ್ಡಲ್ಲಿ ಯಾರೂ ವಿಮಾನ ತಗೊಳ್ಳೋಲ್ಲ. ನಮ್ಮ ಸಾಹುಕಾರರ ದೊಡ್ಡ ವ್ಯವಹಾರ ಇರೋದು ನ್ಯೂಜೆರ್ಸಿಯಲ್ಲಿ. ತೋಟ ಅಜ್ಜನ ಕಾಲದ್ದು, ತಾಯಿ ಇಲ್ಲೇ ಇದ್ದಾರೆ, ಅದಕ್ಕೇ ವರ್ಷಕ್ಕೆ ನಾಲ್ಕೈದು ಸಲ ಬಂದು ಹೋಗುತ್ತಾರೆ. ಅಲ್ಲಿ ಅವರಿಗೆ ಆಡಿಟರುಗಳಿಗೇನು ಕಮ್ಮಿ? ನನ್ನನ್ನು ಯಾಕೆ ಕೇಳ್ತೀರಿ ಅಂದಿದ್ದಕ್ಕೆ, "ಅವರ ಲೆಕ್ಕದಲ್ಲಿ ಯಾರದ್ದೋ ಕಮಿಷನ್ ಇರುತ್ತೆ ರೈಟ್ರೇ, ನಿಮ್ಮ ಲೆಕ್ಕದಲ್ಲಿ ಇರಲ್ಲ" ಅಂದರು. ಹೊಗಳಿದ್ದೋ, ನನಗೆ ಕಮಿಷನ್ ಸಿಗಲ್ಲ ಅಂತ ಮೊದಲೇ ಹೇಳಿದ್ದೋ, ಗೊತ್ತಾಗಲಿಲ್ಲ.

ಅವರ ಕಣ್ಣು ಬಿದ್ದಿದ್ದು ಗಲ್ಫ್‌ಸ್ಟ್ರೀಮ್ ಜಿ550 ಮೇಲೆ. 2010ರ ಮಾಡೆಲ್, ಹೇಳಿದ ಬೆಲೆ 1 ಕೋಟಿ 40 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 117 ಕೋಟಿ ರೂಪಾಯಿ. ನನಗೆ ಕೋಟಿಗಿಂತ ಮೂಟೆಯ ಲೆಕ್ಕ ಬೇಗ ಹತ್ತುತ್ತದೆ. ಹಾಗಾಗಿ 50 ಕೆ.ಜಿ. ರೋಬಸ್ಟಾ ಚೆರ್ರಿ (ಒಣಗಿಸಿದ ಹಣ್ಣು) ಮೂಟೆಗೆ 10 ಸಾವಿರ ಅಂತ ಹಿಡಿದು ಎಲ್ಲವನ್ನೂ ಮೂಟೆಗೆ ಇಳಿಸಿದೆ. 1,17,000 ಮೂಟೆ. ನಮ್ಮ ಗೋಡೌನಿಗೆ ಬಾಗಿಲವರೆಗೆ ತುಂಬಿದರೆ 900 ಹಿಡಿಯುತ್ತದೆ.

ಮೊದಲ ತಿಂಗಳು ಪೂರ್ತಿ ನಾನು ಓದಿದ್ದು ವಿಮಾನ ಏನು ಮಾಡುತ್ತದೆ ಅನ್ನೋದನ್ನೇ. ಜಿ550ಗೆ ಅಮೆರಿಕದಲ್ಲಿ ಹಾರಾಟದ ಸರ್ಟಿಫಿಕೇಟ್ ಸಿಕ್ಕಿದ್ದು 2003ರಲ್ಲಿ. ಎರಡು ರೋಲ್ಸ್ ರಾಯ್ಸ್ ಬಿಆರ್710 ಎಂಜಿನ್. 51,000 ಅಡಿವರೆಗೆ ಏರುತ್ತದೆ, ಸಾಮಾನ್ಯ ಪ್ರಯಾಣಿಕ ವಿಮಾನಗಳು ಹಾರುವ ಮಟ್ಟಕ್ಕಿಂತ ಎಷ್ಟೋ ಮೇಲೆ. ಅಷ್ಟು ಎತ್ತರದಲ್ಲೂ ಒಳಗಿನ ಗಾಳಿಯ ಒತ್ತಡ 6,000 ಅಡಿ ಬೆಟ್ಟದ ಮೇಲೆ ಇರುವಷ್ಟು. ನಮ್ಮ ತಡಿಯಂಡಮೋಳ್ ಬೆಟ್ಟ 1,748 ಮೀಟರ್, ಅಂದರೆ 5,735 ಅಡಿ. ತಡಿಯಂಡಮೋಳ್ ತುದಿಗಿಂತ ಸ್ವಲ್ಪ ಮೇಲೆ ಹತ್ತು ಗಂಟೆ ಕೂತ ಹಾಗೆ ಅಂತ ಸಾಹುಕಾರರಿಗೆ ಹೇಳಿದೆ. "ಜಿಗಣೆ ಇರಲ್ಲ ಅಲ್ವಾ" ಅಂದರು.

ದೂರದ ವಿಷಯಕ್ಕೆ ಬಂದಾಗ ಮೊದಲ ಗಂಟು. ಕಾಗದದ ಮೇಲೆ ಇದರ ಓಟ 6,750 ನಾಟಿಕಲ್ ಮೈಲಿ, ಸುಮಾರು 12,500 ಕಿ.ಮೀ. ಆದರೆ ಆ ಅಂಕಿ ಮ್ಯಾಕ್ 0.80ರಲ್ಲಿ, ಅಂದರೆ ಗಂಟೆಗೆ ಸುಮಾರು 850 ಕಿ.ಮೀ. ವೇಗದಲ್ಲಿ, ಗಾಳಿ ಎದುರು ಇಲ್ಲದೆ, ಒಳಗೆ ಕಮ್ಮಿ ಜನ ಇದ್ದಾಗ. ಸ್ವಲ್ಪ ಬೇಗ ಹೋಗೋಣ ಅಂತ ಮ್ಯಾಕ್ 0.85ಕ್ಕೆ ಏರಿಸಿದರೆ 6,000 ನಾಟಿಕಲ್ ಮೈಲಿಗೆ ಇಳಿಯುತ್ತದೆ. ಸುಮಾರು 1,400 ಕಿ.ಮೀ. ಗಾಳಿಗೆ ಹೋಯಿತು! ಬೆಂಗಳೂರಿಂದ ನ್ಯೂಯಾರ್ಕ್ ಕಡೆಗೆ 13,400 ಕಿ.ಮೀ. ಹತ್ತಿರ. ಅದೂ ಪಶ್ಚಿಮಕ್ಕೆ ಹೋಗುವಾಗ ಮೇಲಿನ ಗಾಳಿ ಬಹಳ ಸಲ ಎದುರಿಂದಲೇ. ಅಲ್ಲಿಗೆ ನಿಲ್ಲಿಸದೆ ಹೋಗೋ ಮಾತೇ ಇಲ್ಲ, ಲಂಡನ್‌ನಲ್ಲೋ ಇನ್ನೆಲ್ಲೋ ಇಳಿದು ಎಣ್ಣೆ ತುಂಬಿಸಲೇಬೇಕು.

ಇದನ್ನು ಹೇಳಿದ ಕೂಡಲೇ ವಿಮಾನ ಮಾರಿಸುವ ಬ್ರೋಕರ್ ಇನ್ನೂ ದೊಡ್ಡದನ್ನು ತೋರಿಸಿದರು. ಜಿ650ಇಆರ್, 7,500 ನಾಟಿಕಲ್ ಮೈಲಿ. ಬೆಲೆ ಕೇಳಿ ನಾನು ನೀರು ಕುಡಿದೆ. ಆದರೆ ಅದಕ್ಕೆ ಅಡ್ಡ ಬಂದಿದ್ದು ಬೆಲೆ ಅಲ್ಲ. ನಮ್ಮ ಸಾಹುಕಾರರ ಆಫೀಸಿಗೆ ಹತ್ತಿರದ ನಿಲ್ದಾಣ ಟೆಟರ್‌ಬರೋ. ನ್ಯೂಯಾರ್ಕ್ ಕಡೆಗೆ ಬರುವ ಖಾಸಗಿ ಜೆಟ್‌ಗಳು ಜಾಸ್ತಿ ಇಳಿಯೋದು ಅಲ್ಲಿ. ಅಲ್ಲಿ 1,00,000 ಪೌಂಡ್ ತೂಕದ ಮಿತಿ ಇದೆ. ಜಿ550 ಪೂರ್ತಿ ತುಂಬಿದರೂ 91,000 ಪೌಂಡ್, ತಕರಾರಿಲ್ಲ. ಜಿ650ಇಆರ್ ಪೂರ್ತಿ ತುಂಬಿದರೆ 1,03,600. ಅಂದರೆ ದೂರ ಹೋಗಲಿ ಅಂತ ಜಾಸ್ತಿ ದುಡ್ಡು ಕೊಟ್ಟು ತಗೊಂಡ ಆ ಎಣ್ಣೆ ಜಾಗವನ್ನು, ವಾಪಸ್ ಬರುವಾಗ ಅಲ್ಲಿಂದ ಪೂರ್ತಿ ತುಂಬಿಸಿಕೊಂಡು ಏಳುವ ಹಾಗಿಲ್ಲ. ಇದು ಬ್ರೋಕರ್‌ಗೆ ಗೊತ್ತಿರಲಿಲ್ಲ ಅಂತ ನಾನು ನಂಬೋದಿಲ್ಲ.

ಇನ್ನೊಂದು ತುದಿ ನಮ್ಮದು. ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಕುಶಾಲನಗರದ ಹತ್ತಿರ ಒಂದು ಸಣ್ಣದು ಆಗುತ್ತದೆ ಅನ್ನೋ ಮಾತನ್ನು ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ, ಕೇಳುತ್ತಾ ಇರುತ್ತೇವೆ. ಮೈಸೂರಿನ ಮಂಡಕಳ್ಳಿ ರನ್‌ವೇ 1,740 ಮೀಟರ್. ಜಿ550 ಪೂರ್ತಿ ಭಾರ ಹೊತ್ತು ಏಳಬೇಕಾದರೆ ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಚಳಿಯಲ್ಲಿ 1,800 ಮೀಟರ್ ಬೇಕು. ಮೈಸೂರು ಸಮುದ್ರ ಮಟ್ಟದಲ್ಲೂ ಇಲ್ಲ, ಮಧ್ಯಾಹ್ನ 15 ಡಿಗ್ರಿಯೂ ಇರೋದಿಲ್ಲ. ಎತ್ತರ ಮತ್ತು ಬಿಸಿಲು ಎರಡೂ ಗಾಳಿಯನ್ನು ತೆಳು ಮಾಡುತ್ತವೆ, ರೆಕ್ಕೆಗೂ ಎಂಜಿನ್ನಿಗೂ ಹಿಡಿತ ಕಮ್ಮಿ, ರನ್‌ವೇ ಇನ್ನೂ ಉದ್ದ ಬೇಕಾಗುತ್ತದೆ. ಇಳಿಯೋದು ಕಷ್ಟ ಅಲ್ಲ, ಅದಕ್ಕೆ 850 ಮೀಟರ್ ಸಾಕು ಅಂತ ಪುಸ್ತಕ ಹೇಳುತ್ತದೆ. ಇಳಿದ ಮೇಲೆ ಎಣ್ಣೆ ತುಂಬಿಸಿಕೊಂಡು ಲಂಡನ್‌ಗೆ ಏಳೋದು ಕಷ್ಟ. ಮಂಗಳೂರಿನದು 2,450 ಮೀಟರ್, ಗುಡ್ಡ ಕಡಿದು ಮಾಡಿದ್ದು. 2010ರ ವಿಮಾನ ಅಪಘಾತದ ಮೇಲೆ ಆ ಹೆಸರು ಹೇಳಿದರೆ ಸಾಹುಕಾರರ ತಾಯಿ ಎದ್ದು ಒಳಗೆ ಹೋಗುತ್ತಾರೆ. ಉಳಿದದ್ದು ಕಣ್ಣೂರು. 2018ರ ಡಿಸೆಂಬರ್‌ನಲ್ಲಿ ಶುರುವಾದದ್ದು, 3,050 ಮೀಟರ್ ರನ್‌ವೇ, ಸಮುದ್ರ ಮಟ್ಟಕ್ಕೆ ಹತ್ತಿರ, ವಿರಾಜಪೇಟೆಯಿಂದ 60 ಕಿ.ಮೀ. ಆಸುಪಾಸು. ಎಲ್ಲ ಸರಿ. ನಡುವೆ ಮಾಕುಟ್ಟ ಘಾಟ್.

ಜುಲೈನಲ್ಲಿ ಬ್ರೋಕರ್ ಅದೇ ಮಾಡೆಲಿನ ಇನ್ನೊಂದು ವಿಮಾನವನ್ನು ಕಣ್ಣೂರಿಗೆ ತರಿಸಿದರು, ಒಳಗೆ ಕೂತು ನೋಡಲಿ ಅಂತ. ನಾವು ಬೆಳಿಗ್ಗೆ ಐದಕ್ಕೇ ಹೊರಟೆವು. ಆ ಮಳೆ ನಿಮಗೆ ಗೊತ್ತಲ್ಲ. ಪೆರುಂಬಾಡಿ ದಾಟಿ ಘಾಟ್ ಇಳಿಯುವಾಗ ಎರಡು ಕಡೆ ಮರ ಅಡ್ಡ ಬಿದ್ದಿತ್ತು. ಮೊದಲನೆಯದನ್ನು ಹಿಂದಿನ ಪಿಕಪ್‌ನವರು ಕತ್ತಿಯಲ್ಲಿ ಕಡಿದು ಜಾಗ ಮಾಡಿಕೊಟ್ಟರು. ಎರಡನೆಯದು ಹಲಸಿನ ಗಾತ್ರದ್ದು, ಅದಕ್ಕೆ ಗರಗಸದ ಯಂತ್ರ ಬರುವವರೆಗೆ ಮೂರು ಗಂಟೆ. ಸಾಹುಕಾರರು ಜೀಪಿನ ಮುಂದಿನ ಸೀಟಲ್ಲಿ ಕೂತು ಫೋನಿಗೆ ಸಿಗ್ನಲ್ ಹುಡುಕುತ್ತಿದ್ದರು, ಅತ್ತ ರನ್‌ವೇ ಪಕ್ಕದಲ್ಲಿ 12,500 ಕಿ.ಮೀ. ಹಾರುವ ವಿಮಾನ ಗಂಟೆ ಲೆಕ್ಕದ ಪಾರ್ಕಿಂಗ್ ಕೊಡುತ್ತಾ ನಿಂತಿತ್ತು, ಇತ್ತ ನಾವು ಚಹಾ ಸಿಗುತ್ತಾ ಅಂತ ನೋಡುತ್ತಿದ್ದೆವು. ಕೊನೆಗೆ ಇರಿಟ್ಟಿ, ಮಟ್ಟನ್ನೂರು ದಾಟಿ ಮುಟ್ಟಿದಾಗ ಮಧ್ಯಾಹ್ನ ಆಗಿತ್ತು, ಪೈಲಟ್‌ಗಳ ಡ್ಯೂಟಿ ಸಮಯ ಮುಗಿಯುತ್ತಾ ಬಂದಿತ್ತು. ಹಾರಲಿಲ್ಲ. ಇಪ್ಪತ್ತು ನಿಮಿಷ ಒಳಗೆ ಕೂತು ಬಂದೆವು.

ಒಳಗೆ ಹೇಗಿತ್ತು ಅಂದರೆ, ಉದ್ದ ಇದೆ, ಎತ್ತರ ಕಮ್ಮಿ. 1.88 ಮೀಟರ್. ಸಾಹುಕಾರರು ಆರಡಿಗಿಂತ ಒಂದು ಬೆರಳು ಜಾಸ್ತಿ, ತಲೆ ತಾಗಲಿಲ್ಲ ಅಷ್ಟೇ. ಹದಿನಾಲ್ಕು ದೊಡ್ಡ ಮೊಟ್ಟೆಯಾಕಾರದ ಕಿಟಕಿ. ನನ್ನ ಚಪ್ಪಲಿಗೆ ಘಾಟಿನ ಕೆಸರು ಮೆತ್ತಿಕೊಂಡಿತ್ತು, ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆ. ಅಲ್ಲಿನ ಹುಡುಗಿ ಬೇಡ ಅಂಕಲ್, ಹಾಕ್ಕೊಂಡೇ ಬನ್ನಿ ಅಂದಳು. ನಾನು ಕೇಳಲಿಲ್ಲ.

ಇಷ್ಟಾದ ಮೇಲೆ ಖರ್ಚಿನ ಹಾಳೆ ಶುರು ಮಾಡಿದೆ. ಮೊದಲು ಸಾಹುಕಾರರ ಹಳೇ ಟಿಕೆಟ್ ಎಲ್ಲ ಹರಡಿಕೊಂಡು ವರ್ಷಕ್ಕೆ ನಿಜವಾಗಿ ಎಷ್ಟು ಗಂಟೆ ಹಾರುತ್ತಾರೆ ಅಂತ ಎಣಿಸಿದೆ. ನ್ಯೂಜೆರ್ಸಿಗೆ ನಾಲ್ಕು ಸಲ, ಹೋಗೋದು ಬರೋದು ಸೇರಿ ಸಲಕ್ಕೆ ಸರಾಸರಿ 34 ಗಂಟೆ. ಲಂಡನ್‌ಗೆ ಎರಡು ಸಲ. ವಿಮಾನ ಇರೋದು ಬೆಂಗಳೂರಲ್ಲಿ, ಹತ್ತೋದು ಕಣ್ಣೂರಲ್ಲಿ. ಹಾಗಾಗಿ ಪ್ರತಿ ಸಲ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ಖಾಲಿ ಹಾರಾಟ. ಒಳಗೆ ಯಾರೂ ಇಲ್ಲದಿದ್ದರೂ ಎಂಜಿನ್ನಿಗೆ ಒಂದು ಸ್ಟಾರ್ಟ್ ಲೆಕ್ಕ, ಚಕ್ರಕ್ಕೆ ಒಂದು ಇಳಿತ ಲೆಕ್ಕ. ಬಿಡಿಭಾಗಗಳ ಆಯಸ್ಸು ಗಂಟೆಯಲ್ಲಿ ಮಾತ್ರ ಅಲ್ಲ, ಇಂಥ ಏರಿಳಿತದ ಎಣಿಕೆಯಲ್ಲೂ ಸವೆಯುತ್ತದೆ. ಎಲ್ಲ ಸೇರಿಸಿ 180 ಗಂಟೆ ಅಂತ ಹಿಡಿದೆ.

ಎಣ್ಣೆ ಗಂಟೆಗೆ 1,400 ಲೀಟರ್. ಟ್ಯಾಂಕ್ ಪೂರ್ತಿ ತುಂಬಿದರೆ 23,000 ಲೀಟರಿಗೂ ಜಾಸ್ತಿ, ಅಂದರೆ ಪೆಟ್ರೋಲ್ ಬಂಕಿಗೆ ಬರುವ 12,000 ಲೀಟರಿನ ಟ್ಯಾಂಕರ್ ಎರಡು. ವಿಮಾನದ ಎಣ್ಣೆ ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲ, ರಾಜ್ಯಕ್ಕೊಂದು ವ್ಯಾಟ್. ಲೀಟರಿಗೆ 100 ಅಂತ ಬರೆದೆ. ವರ್ಷಕ್ಕೆ 2 ಕೋಟಿ 52 ಲಕ್ಷ. ಎಲ್ಲರೂ ಎಣ್ಣೆ ಖರ್ಚು ಅಂತ ಬಾಯಿ ಬಿಡುತ್ತಾರೆ. ಅದು ಒಟ್ಟು ಖರ್ಚಿನಲ್ಲಿ ಆರನೇ ಒಂದು ಪಾಲು ಅಂತ ನನಗೆ ಆಮೇಲೆ ಗೊತ್ತಾಯಿತು.

ಎಂಜಿನ್ನಿಗೆ ಒಂದು ಪದ್ಧತಿ ಇದೆ. ಹಾರಿದ ಪ್ರತಿ ಗಂಟೆಗೆ ಇಷ್ಟು ಅಂತ ತಯಾರಕರಿಗೆ ಕಟ್ಟುತ್ತಾ ಹೋಗಬೇಕು, ರಿಪೇರಿ ಬಂದಾಗ ಅವರು ನೋಡಿಕೊಳ್ಳುತ್ತಾರೆ. ನಮಗೆ ಹೇಳಿದ್ದು ಎರಡೂ ಎಂಜಿನ್ ಸೇರಿ ಗಂಟೆಗೆ ಸುಮಾರು 1,000 ಡಾಲರ್. ಕಟ್ಟದೆ ಇದ್ದರೆ? ಇರಬಹುದು, ಆದರೆ ಮಾರುವಾಗ ಅಂಥ ವಿಮಾನವನ್ನು ಯಾರೂ ಮೂಸಲ್ಲ. ಒಂದೂವರೆ ಕೋಟಿ ಇದಕ್ಕೆ. ಇಳಿಯುವ ಶುಲ್ಕ, ಬೇರೆ ದೇಶಗಳ ಮೇಲೆ ಹಾರುವ ಶುಲ್ಕ, ಹೊರಗೆ ನಿಂತಾಗ ಪಾರ್ಕಿಂಗ್, ಪೈಲಟ್‌ಗಳ ಹೋಟೆಲ್‌, ಎಲ್ಲ ಸೇರಿ ಇನ್ನೊಂದು ಒಂದೂವರೆ. ಹಾರಾಟಕ್ಕೆ ತಕ್ಕ ರಿಪೇರಿ ಎರಡು ಕೋಟಿ. ಇವೆಲ್ಲ ಹಾರಿದರೆ ಮಾತ್ರ ಬರುವ ಖರ್ಚು.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಪಟ್ಟಿ, ಹಾರದಿದ್ದರೂ ಬರುವ ಖರ್ಚು. ಮೂವರು ಪೈಲಟ್, ಒಬ್ಬ ಎಂಜಿನಿಯರ್, ಒಳಗೆ ನೋಡಿಕೊಳ್ಳುವ ಒಬ್ಬರು, ಸಂಬಳ 3 ಕೋಟಿ 25 ಲಕ್ಷ. ಪೈಲಟ್‌ಗಳನ್ನು ಸಿಮ್ಯುಲೇಟರ್ ತರಬೇತಿಗೆ ಹೊರದೇಶಕ್ಕೆ ಕಳಿಸಿಕೊಡೋದು 70 ಲಕ್ಷ. ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) 90. ವಿಮೆ 60. ನಕ್ಷೆ, ಡೇಟಾಬೇಸ್, ಇಂಟರ್ನೆಟ್ 80. ಆಮೇಲೆ ತಪಾಸಣೆ. ವಿಮಾನದ ಕೆಲವು ತಪಾಸಣೆ ಗಂಟೆ ಲೆಕ್ಕ ನೋಡೋದಿಲ್ಲ, ಕ್ಯಾಲೆಂಡರ್ ನೋಡುತ್ತದೆ. 96 ತಿಂಗಳಿಗೊಂದು ದೊಡ್ಡದು, 192 ತಿಂಗಳಿಗೊಂದು ಇನ್ನೂ ದೊಡ್ಡದು, ನಡುವೆ ಚಿಕ್ಕವು. ಶೆಡ್ಡಲ್ಲಿ ಮುಚ್ಚಿಟ್ಟಿದ್ದರೂ ಬಿಚ್ಚಲೇಬೇಕು. ವರ್ಷಕ್ಕೆ ಸರಾಸರಿ ಎರಡು ಕೋಟಿ ಹಾಕಿದೆ. ಕೂಡಿಸಿದರೆ 8 ಕೋಟಿ 25 ಲಕ್ಷ. 365ರಿಂದ ಭಾಗಿಸಿದೆ. ದಿನಕ್ಕೆ 2 ಲಕ್ಷ 26 ಸಾವಿರ.

22 ಮೂಟೆ. ಪ್ರತಿದಿನ. ಭಾನುವಾರವೂ.

ನಮ್ಮಲ್ಲಿ ಸ್ಪ್ರಿಂಕ್ಲರ್ ಸೆಟ್ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ರೋಬಸ್ಟಾಕ್ಕೆ ನೀರು ಹಾರಿಸೋಕೆ. ವರ್ಷಕ್ಕೆ ಇಪ್ಪತ್ತು ದಿನ ಓಡುತ್ತದೆ, ಉಳಿದ ದಿನ ಶೆಡ್ಡಲ್ಲಿ. ಆದರೆ ಶೆಡ್ಡಲ್ಲಿ ನಿಂತ ಪಂಪು ನನ್ನ ಹತ್ತಿರ ಸಂಬಳ ಕೇಳೋದಿಲ್ಲ. ಇಲಿ ಪೈಪ್ ಕಡಿದರೆ ಒಂದಿಷ್ಟು, ಅಷ್ಟೇ. ಸಾಹುಕಾರರಿಗೆ ಈ ಪಂಪಿನ ಉದಾಹರಣೆ ಹೇಳಿದಾಗಲೇ ಮೊದಲ ಸಲ ಅವರು ಹಾಳೆಯನ್ನು ಕೈಗೆ ತಗೊಂಡು ಓದಿದ್ದು.

ಓಡುವ ಖರ್ಚು, ನಿಲ್ಲುವ ಖರ್ಚು ಸೇರಿ 15 ಕೋಟಿ 77 ಲಕ್ಷ. 180 ಗಂಟೆಗೆ ಭಾಗಿಸಿದರೆ ಗಂಟೆಗೆ 8 ಲಕ್ಷ 76 ಸಾವಿರ. ಬ್ರೋಕರ್ ಕೊಟ್ಟ ಹಾಳೆಯೂ ಹೆಚ್ಚು ಕಮ್ಮಿ ಇಲ್ಲಿಗೇ ನಿಲ್ಲುತ್ತಿತ್ತು. ನಾನು ಮುಂದಕ್ಕೆ ಹೋದೆ. 117 ಕೋಟಿಗೆ ಒಂಬತ್ತು ಪರ್ಸೆಂಟ್ ಬಡ್ಡಿ, ಹತ್ತೂವರೆ ಕೋಟಿ ಚಿಲ್ಲರೆ. ವಿಮಾನ ವರ್ಷ ವರ್ಷ ಬೆಲೆ ಕಳೆದುಕೊಳ್ಳೋದು ಎಂಟು ಕೋಟಿ ಅಂತ ಇಟ್ಟೆ, ಕಮ್ಮಿಯೇ ಇಟ್ಟೆ. ಈಗ ಗಂಟೆಗೆ 19 ಲಕ್ಷ. ಇಂಥದ್ದೇ ದೊಡ್ಡ ಜೆಟ್ ಬಾಡಿಗೆಗೆ ಕೇಳಿದಾಗ ಮೂರು ಕಡೆಯಿಂದ ಬಂದ ದರ ಗಂಟೆಗೆ ಏಳರಿಂದ ಒಂಬತ್ತು ಲಕ್ಷ. ಅವರೂ ಖಾಲಿ ಹಾರಾಟಕ್ಕೆ ಬಿಲ್ ಹಾಕುತ್ತಾರೆ, ಹಾಕಲಿ.

ತೆರಿಗೆ ಇನ್ನೂ ಬಂದಿಲ್ಲ. ಸ್ವಂತ ಬಳಕೆಗೆ ಅಂತ ತರಿಸಿದರೆ ಆಗ 28 ಪರ್ಸೆಂಟ್ ಜಿಎಸ್‌ಟಿ, ಅದರ ಮೇಲೆ 3 ಪರ್ಸೆಂಟ್ ಸೆಸ್. 36 ಕೋಟಿ. (2025ರ ಸೆಪ್ಟೆಂಬರ್‌ನಿಂದ ಅದು 40 ಪರ್ಸೆಂಟ್ ಆಗಿದೆ.) ಬಾಡಿಗೆಗೆ ಓಡಿಸುವ ಪರ್ಮಿಟ್ ಮೇಲೆ ತರಿಸಿದರೆ 5 ಪರ್ಸೆಂಟ್ ಅಷ್ಟೇ. ಬ್ರೋಕರ್ ಕಣ್ಣು ಮಿಟುಕಿಸಿ ಅದನ್ನೇ ಮಾಡಿ ಅಂದರು. ಆದರೆ ಬಾಡಿಗೆ ಅಂತ ಬರೆದು ಮನೆಯವರೇ ಓಡಾಡಿದರೆ ಕಸ್ಟಮ್ಸ್‌ನವರು ಸುಮ್ನೆ ಬಿಡೋದಿಲ್ಲ, ಇದೇ ವಿಷಯಕ್ಕೆ ವರ್ಷಗಟ್ಟಲೆ ನಡೆದ ಕೇಸುಗಳಿವೆ. ಸಾಹುಕಾರರ ಅಳಿಯ ಒಂದು ಉಪಾಯ ಹೇಳಿದರು: ತೋಟದ ಕಂಪನಿ ಹೆಸರಲ್ಲಿ ತಗೊಳ್ಳೋಣ, ವಿಮಾನಕ್ಕೆ ಆದಾಯ ತೆರಿಗೆಯಲ್ಲಿ 40 ಪರ್ಸೆಂಟ್ ಸವಕಳಿ ಸಿಗುತ್ತದಲ್ಲ ಅಂತ. ಸಿಗುತ್ತದೆ ನಿಜ. ಆದರೆ ಕಾಫಿ ಬೆಳೆದು ಹದ ಮಾಡಿ ಮಾರುವವರ ಆದಾಯದಲ್ಲಿ ತೆರಿಗೆಗೆ ಬರುವುದೇ 25 ಪರ್ಸೆಂಟ್, ಉಳಿದ 75 ಕೃಷಿ ಆದಾಯ. ನಾಲ್ಕಾಣೆ ತೆರಿಗೆ ಉಳಿಸೋಕೆ ಹದಿನಾರಾಣೆ ಸವಕಳಿ ಹಾಕಿದ ಹಾಗೆ. ಅದೂ ತಾಯಿಯನ್ನು ನೋಡೋಕೆ ಬರುವ ಹಾರಾಟ ಕಾಫಿ ವ್ಯವಹಾರ ಅಂತ ಯಾವ ಆಫೀಸರ್ ಒಪ್ಪುತ್ತಾರೆ? ಈ ಒಂದು ಪ್ಯಾರಾದಲ್ಲಿ ಮಾತ್ರ ನನ್ನ ಬಿ.ಕಾಂ. ಉಪಯೋಗಕ್ಕೆ ಬಂತು.

ಇಷ್ಟೆಲ್ಲ ಆದಮೇಲೂ ಸಾಹುಕಾರರು ಬಿಡಲಿಲ್ಲ. ಆಸೆ ಅನ್ನೋದು ಹಾಗೇ. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ ಹಬ್ಬ ಮುಗಿದ ವಾರ ಒಪ್ಪಂದಕ್ಕೆ ಸಹಿ ಹಾಕಿ, ಎರಡೂವರೆ ಲಕ್ಷ ಡಾಲರ್ ಮುಂಗಡ ಕಳಿಸಿದರು. ಅದು ಮಾರುವವರಿಗೆ ಹೋಗೋದಿಲ್ಲ, ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ ನಡುವಿನವರ ಖಾತೆಯಲ್ಲಿ ಕೂರುತ್ತದೆ. ಅಲ್ಲಿನ ವಿಮಾನ ನೋಂದಣಿ ಕಚೇರಿ ಆ ಊರಲ್ಲೇ ಇರೋದರಿಂದ ಈ ಕೆಲಸ ಮಾಡುವವರೆಲ್ಲ ಅಲ್ಲೇ ಸೇರಿಕೊಂಡಿದ್ದಾರೆ. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸ್ ಪಕ್ಕ ಪತ್ರ ಬರೆಯುವವರು ಕೂತ ಹಾಗೆ.

ಅಕ್ಟೋಬರ್‌ನಲ್ಲಿ ಯುರೋಪಿನ ಒಂದು ಕಾರ್ಯಾಗಾರದಲ್ಲಿ ವಿಮಾನ ಬಿಚ್ಚಿದರು. ಬಿಚ್ಚಿಸಿ ನೋಡುವ ಖರ್ಚು ತಗೊಳ್ಳುವವರದ್ದು, ನಮಗೆ 70,000 ಡಾಲರ್ ಆಯಿತು, 59 ಲಕ್ಷದ ಹತ್ತಿರ. ವರದಿ 140 ಪುಟ. ಅಡುಗೆ ಜಾಗದ ನೆಲದ ಕೆಳಗೆ ನೀರು ಸೋರಿ ಸೋರಿ ಲೋಹ ತಿಂದಿತ್ತು. ವಿಮಾನ ಹುಟ್ಟಿದ್ದು 2010, ಅದಕ್ಕೆ 192 ತಿಂಗಳು ಕೂಡಿಸಿ ನೋಡಿ. 2026ರಲ್ಲಿ ಆ ಅತಿ ದೊಡ್ಡ ತಪಾಸಣೆ, ಕಮ್ಮಿ ಅಂದರೂ ಹತ್ತು ಲಕ್ಷ ಡಾಲರ್ ಅಂತ ಅವರೇ ಬರೆದಿದ್ದರು. ಎಲ್ಲಕ್ಕಿಂತ ಕೆಟ್ಟದ್ದು 91ನೇ ಪುಟದಲ್ಲಿ. ಎಂಜಿನ್ನಿನ ಗಂಟೆ ಲೆಕ್ಕದ ಹಣ ಚೊಕ್ಕವಾಗಿ ಕಟ್ಟಿಕೊಂಡು ಬಂದಿದ್ದೇವೆ ಅಂತ ಮಾರುವವರು ಬರೆದುಕೊಟ್ಟಿದ್ದರು, ನೋಡಿದರೆ ಹದಿನಾಲ್ಕು ತಿಂಗಳಿಂದ ಬಾಕಿ. ಬ್ರೋಕರ್‌ಗೆ ಫೋನ್ ಮಾಡಿದರೆ, ಅದೊಂದು ಸಣ್ಣ ಕಾಗದದ ವಿಷಯ ಅಂದರು.

ಸಾಹುಕಾರರು ವರದಿಯನ್ನು ಊಟದ ಮೇಜಿನ ಮೇಲಿಟ್ಟು ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಅವರ ತಾಯಿ ನನ್ನನ್ನು ಕರೆದು, "ಅಲ್ಲಪ್ಪ, ಆ ವಿಮಾನ ಮಾಕುಟ್ಟ ಘಾಟ್ ಹತ್ತಿ ಇಲ್ಲಿವರೆಗೆ ಬರುತ್ತಾ?" ಅಂತ ಕೇಳಿದರು. ಇಲ್ಲಮ್ಮ ಅಂದೆ. "ಮತ್ತೆ ಇವನಿಗೆ ಯಾಕೆ ಅದು?" ಸಾಹುಕಾರರು ಪಕ್ಕದ ಕೋಣೆಯಲ್ಲೇ ಇದ್ದರು, ಕೇಳಿಸಿಕೊಂಡಿರಬೇಕು. ಆ ಸಂಜೆ ಒಪ್ಪೋದಿಲ್ಲ ಅನ್ನುವ ಪತ್ರಕ್ಕೆ ಸಹಿ ಹಾಕಿದರು. ತಾಂತ್ರಿಕವಾಗಿ ಒಪ್ಪದಿದ್ದರೆ ಮುಂಗಡ ವಾಪಸ್ ಅಂತ ಒಪ್ಪಂದದಲ್ಲಿ ಇತ್ತು. ಆ ಒಂದು ಸಾಲನ್ನು ಮಾತ್ರ ನಾನು ಹಟ ಹಿಡಿದು ಹಾಕಿಸಿದ್ದೆ.

ದುಡ್ಡು ವಾಪಸ್ ಬಂದಿದ್ದು ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಸ್ವಲ್ಪ ಮುಂಚೆ. ಕಳಿಸುವಾಗ ಡಾಲರ್ 83 ರೂಪಾಯಿ 80 ಪೈಸೆ ಇತ್ತು, ಬರುವಾಗ 84 ರೂಪಾಯಿ 70 ಪೈಸೆ. ಎರಡೂವರೆ ಲಕ್ಷ ಡಾಲರ್‌ಗೆ 90 ಪೈಸೆಯಂತೆ 2 ಲಕ್ಷ 25 ಸಾವಿರ ಜಾಸ್ತಿ ಬಂತು. 22 ಮೂಟೆ. ಬ್ಯಾಂಕಿನವರು ತಮ್ಮ ಪಾಲು ಹಿಡಿದುಕೊಂಡಿದ್ದರಿಂದ ಪುಸ್ತಕಕ್ಕೆ ಬಂದಿದ್ದು 21 ಚಿಲ್ಲರೆ. ತಪಾಸಣೆಯ 59 ಲಕ್ಷವನ್ನು ಯಾವ ತಲೆಬರಹದ ಕೆಳಗೆ ಹಾಕೋದು ಅಂತ ಆಡಿಟರ್ ಇನ್ನೂ ಕೇಳುತ್ತಿದ್ದಾರೆ. ಸದ್ಯಕ್ಕೆ ಸಸ್ಪೆನ್ಸ್ ಖಾತೆಯಲ್ಲಿ ಇಟ್ಟಿದ್ದೇನೆ.